ಉಂಬಳ ಕಚ್ಚಿಸ್ಕೊಳ್ಳೋಕೆ ಬೋರ್ನಿಯೋ ತನಕ ಹೋಗ್ಬೇಕಾ

"ಅಲ್ಲ ಕಣೇ, ಉಂಬಳ ಕಚ್ಚಿಸ್ಕೊಳ್ಳೋಕೆ ವಿಮಾನದಲ್ಲಿ ಹೋಗ್ತೀಯಾ? ಜುಲೈನಲ್ಲಿ ಮನೆಗೆ ಬಾ, ತೋಟದಲ್ಲೇ ಪುಕ್ಕಟೆ ಕಚ್ಚುತ್ವೆ" ಅಂದ್ಲು ಅಮ್ಮ.

ತೀರ್ಥಹಳ್ಳಿ ಕಡೆಯವಳು ಇದಕ್ಕೆ ಏನಂತ ಉತ್ತರ ಕೊಡ್ಬೇಕು ಹೇಳಿ. ಕೌಲಾಲಂಪುರಕ್ಕೆ ಬಂದು ನಾಲ್ಕು ವರ್ಷ ಆಯ್ತು, ಊರಿಂದ ಬಂದೋರಿಗೆಲ್ಲ ಟ್ವಿನ್ ಟವರ್, ಬಟು ಗುಹೆ ತೋರ್ಸಿ ತೋರ್ಸಿ ನಮಗೇ ಬಾಯಿಪಾಠ ಆಗಿದೆ, ಈ ಸಲ ನಮಗೋಸ್ಕರ ಒಂದು ಟ್ರಿಪ್ ಅಂತ ಡಾನಮ್ ವ್ಯಾಲಿಗೆ ಹೊರಟಿದೀವಿ. ಬೋರ್ನಿಯೋ ದ್ವೀಪದಲ್ಲಿ ಮಲೇಷ್ಯಾಕ್ಕೆ ಸೇರಿದ ಸಬಾ ರಾಜ್ಯದ ಕಾಡು ಅದು, 438 ಚದರ ಕಿಲೋಮೀಟರ್, ಒಳಗೆ ಒಂದು ಹಳ್ಳಿನೂ ಇಲ್ಲ.

ಮೊದಲನೇ ಪ್ಲಾನ್ ನಮ್ಮನೆಯವ್ರದ್ದು, ಎಕ್ಸೆಲ್ ಶೀಟ್‌ನಲ್ಲಿ. ಒಂದೇ ವಾರಕ್ಕೆ ಐದು ಜಾಗ, ಕೊನೇಲಿ ಒಂದು ಬೀಚೂ ಇತ್ತು! ಮ್ಯಾಪಲ್ಲಿ ಎಲ್ಲ ಪಕ್ಕಪಕ್ಕನೇ ಕಾಣುತ್ತೆ ಬಿಡಿ. ಇಲ್ಲಿಂದ ಸಬಾದ ತವಾವ್‌ಗೆ ಹೆಚ್ಚುಕಮ್ಮಿ ಮೂರು ಗಂಟೆ ಫ್ಲೈಟು, ಅಲ್ಲಿಂದ ಲಹಾದ್ ದಾತು ಊರಿಗೆ ಕಾರು, ಆಮೇಲೆ ಮರದ ಲಾರಿಗಳಿಗೆ ಅಂತ ಮಾಡಿದ್ದ ಮಣ್ಣುರಸ್ತೇಲಿ 80 ಕಿಲೋಮೀಟರ್, ಅದಕ್ಕೇ ಎರಡು ಎರಡೂವರೆ ಗಂಟೆ ಬೇಕು. ಹೋಗೋಕೊಂದು ದಿನ ಬರೋಕೊಂದು ದಿನ ಅಲ್ಲಿಗೆ ಮುಗೀತು. ಒಂದೇ ದೇಶದೊಳಗೆ ಹೋದ್ರೂ ಪಾಸ್‌ಪೋರ್ಟ್ ಬೇಕು, ಸಬಾಗೆ ತನ್ನದೇ ಇಮಿಗ್ರೇಶನ್ ಇದೆ, ಇದು ಗೊತ್ತಿಲ್ದೆ ಡೊಮೆಸ್ಟಿಕ್ ಫ್ಲೈಟ್ ತಾನೇ ಅಂತ ಮನೇಲಿ ಬಿಟ್ಟು ಹೋದ್ರೆ ವಾಪಸ್ ಬರೋದೇ.

ಹಂಗಾಗಿ ಕಾಟು ಹಾಕಿ ಹಾಕಿ ಎರಡೇ ಜಾಗ ಉಳ್ಕೊಂಡ್ವು, ಕಿನಾಬಟಾಂಗನ್ ನದಿ ಹತ್ರ ಎರಡು ರಾತ್ರಿ, ಡಾನಮ್‌ನಲ್ಲಿ ನಾಲ್ಕು. ನದಿ ಹತ್ರ ಪ್ರಾಣಿ ಕಾಣೋದು ಸುಲಭ, ಉದ್ದಮೂಗಿನ ಮಂಗ, ಮಂಗಟ್ಟೆ ಹಕ್ಕಿ, ಅದೃಷ್ಟ ಇದ್ರೆ ಕುಳ್ಳ ಆನೆ ಎಲ್ಲ ದೋಣಿಯಿಂದಾನೇ. ಆದ್ರೆ ಯಾಕೆ ಸುಲಭ ಅಂದ್ರೆ ಸುತ್ತ ಎಲ್ಲ ತಾಳೆ ತೋಟ ಆಗಿ, ಕಾಡು ಅಂತ ಉಳಿದಿರೋದು ನದಿ ದಂಡೆ ಪಟ್ಟಿ ಮಾತ್ರ, ಪಾಪ ಅವು ಇನ್ನೆಲ್ಲಿ ಹೋಗ್ಬೇಕು. ಡಾನಮ್‌ನಲ್ಲಿ ಕಾಡು ದೊಡ್ಡದು, ಹಂಗಾಗಿ ಪ್ರಾಣಿ ಕಾಣೋದು ಕಷ್ಟ. ಒರಾಂಗುಟಾನ್ ಯಾವ ಮರದಲ್ಲಿ ಹಣ್ಣಿದ್ಯೋ ಅಲ್ಲಿಗೆ ಹೋಗುತ್ತೆ, ನಮ್ಮ ಬುಕಿಂಗ್ ನೋಡ್ಕೊಂಡು ಬರಲ್ಲ. ಒಂದೇ ರಾತ್ರಿ ಇದ್ದು ಸಿಗ್ಲಿಲ್ಲ ಅಂತ ಬೈಕೊಂಡು ಬರೋದಕ್ಕಿಂತ ಬೀಚ್ ಬಿಟ್ರಾಯ್ತು ಅಂದೆ, ಅವರು ಎರಡು ದಿನ ಮುಖ ಊದಿಸ್ಕೊಂಡಿದ್ರು.

ನನಗೆ ಪ್ರಾಣಿಗಿಂತ ಮರದ ಆಸೆ ಜಾಸ್ತಿ. ಡಾನಮ್‌ನಲ್ಲಿ 2018ರಲ್ಲಿ ಪತ್ತೆಯಾದ ಒಂದು ಹಳದಿ ಮೆರಾಂಟಿ ಮರ 100.8 ಮೀಟರ್ ಎತ್ತರ, ಮರುವರ್ಷ ಜನ ತುದಿ ತನಕ ಹತ್ತಿ ಟೇಪ್ ಇಳಿಬಿಟ್ಟು ಅಳೆದ್ರು. ಅದು ನಮ್ಮ ಘಟ್ಟದ ಸಾಲುಧೂಪದ ಮರದ ಕುಟುಂಬದ್ದೇ. ಇದನ್ನ ಹೇಳಿದ್ಮೇಲೆ ಅಮ್ಮ ಸ್ವಲ್ಪ ಮೆತ್ತಗಾದ್ಲು. ಮಳೆ ವಿಷ್ಯ ಮಾತ್ರ ಹೇಳ್ಬಾರ್ದಿತ್ತು, ಅಲ್ಲಿ ವರ್ಷಕ್ಕೆ ಸುಮಾರು 2,800 ಮಿಲಿಮೀಟರ್, ಆಗುಂಬೇಲಿ 7,000 ದಾಟುತ್ತೆ. "ಮಳೆನೂ ನಮ್ಮಷ್ಟಿಲ್ಲ ಅಲ್ಲಿ" ಅಂತ ಫೋನಲ್ಲೇ ನಕ್ಕಳು. ನಮ್ಮಲ್ಲಿ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತೆ, ಅಲ್ಲಿ ವರ್ಷವಿಡೀ ಹಂಚ್ಕೊಂಡು ಬರುತ್ತೆ ಅಂತ ನಾನು ಹೇಳಿದ್ದು ಅವಳಿಗೆ ಕೇಳಿಸ್ಲೇ ಇಲ್ಲ.

ಆಮೇಲೆ ಡಾಕ್ಟರ್. ಸಬಾದಲ್ಲಿ ಮಂಗಗಳಲ್ಲಿರೋ ಒಂದು ಜಾತಿ ಮಲೇರಿಯಾ ಸೊಳ್ಳೆ ಮೂಲಕ ಮನುಷ್ಯರಿಗೂ ಬರುತ್ತಂತೆ, ಮಾತ್ರೆ ಬರ್ಕೊಟ್ರು. ಮಂಗನ ಕಾಯಿಲೆ ಊರವಳು ನಾನು, ಉಣುಗಿಗೆ ಹೆದರಿ ಬೆಳೆದೋಳು, ಸುಮ್ನೆ ತಗೊಂಡು ಬಂದೆ.

ಉಂಬಳ ಅಲ್ಲಿ ಎರಡು ಥರ, ಒಂದು ನಮ್ಮದರ ಹಾಗೇ ನೆಲದಿಂದ ಹತ್ತುತ್ತೆ, ಇನ್ನೊಂದು ಪಟ್ಟೆ ಹುಲಿ ಉಂಬಳ, ಎಲೆ ಮೇಲೆ ಕಾದಿದ್ದು ಸೊಂಟಕ್ಕೇ ಹತ್ತುತ್ತೆ, ಕಚ್ಚಿದ್ರೆ ಚುರ್ ಅನ್ನುತ್ತಂತೆ. ಮೊಣಕಾಲ ತನಕ ಬರೋ ಬಟ್ಟೆ ಸಾಕ್ಸ್ ಹಾಕ್ಕೊಳ್ಳಿ ಅಂತಾರೆ, ಅಂಗಡೀಲಿ ರೇಟ್ ಕೇಳಿ ಬೆಚ್ಚಿಬಿದ್ದೆ. ಅಮ್ಮನಿಗೆ ಹೇಳಿದ್ದೇ ತಡ, ಅಪ್ಪನ ಹಳೇ ಪಂಚೆ ಇದೆ, ಹೊಲಿದು ಯಾರಾದ್ರೂ ಬರೋರ ಕೈಲಿ ಕಳಿಸ್ತೀನಿ, ಜೊತೆಗೆ ಉಂಬಳಕ್ಕೆ ಅಂತ ಹೊಗೆಸೊಪ್ಪೂ ಇಡ್ತೀನಿ ಅಂದ್ಲು. ಹೊಗೆಸೊಪ್ಪು ಬೇಡ, ಕಸ್ಟಮ್ಸ್‌ನವ್ರು ಹಿಡೀತಾರೆ ಅಂದೆ. ಈಗ ನಮ್ಮಿಬ್ಬರ ಕಾಲಿನ ಅಳತೆ ಕೇಳಿ ಮೂರನೇ ಮೆಸೇಜ್ ಬಂದಿದೆ, ಟೇಪ್ ಹುಡುಕ್ತಿದೀನಿ.