ಕೊಸ್ಟೀಯ ಕೌಂಟಿಯಲ್ಲಿ ನೀರು ಹುಡುಕುತ್ತಾ

ಹಳೇ ಕಾರಿನ ಬೆಲೆಗೆ ಐದು ಎಕರೆ ಸಿಗುತ್ತದೆ ಅಂದರೆ ಯಾರಿಗೆ ಆಸೆ ಆಗಲ್ಲ? ಅಮೆರಿಕದ ಕೊಲರಾಡೋ ರಾಜ್ಯದ ದಕ್ಷಿಣ ಗಡಿಯ ಕೊಸ್ಟೀಯ ಕೌಂಟಿಯಲ್ಲಿ ಸಿಗುತ್ತದೆ. ಸೋಲಾರ್ ಹಾಕಿಕೊಂಡು, ತರಕಾರಿ ಬೆಳೆದುಕೊಂಡು, ನಾಳೆ ಕರೆಂಟು, ಅಂಗಡಿ ಎಲ್ಲ ಕೈಕೊಟ್ಟರೂ ಬದುಕಬೇಕು ಅನ್ನುವವರು ಇಲ್ಲಿಗೆ ಬರುತ್ತಾರೆ. ನಾವೂ ಅದೇ ಆಸೆಯಿಂದ ಡೆನ್ವರ್ ಬಿಟ್ಟೆವು.

ಲಾ ವೀಟಾ ಘಟ್ಟ ಇಳಿದರೆ ಬಲಕ್ಕೆ 14,000 ಅಡಿ ದಾಟಿದ ಬ್ಲಾಂಕಾ ಶಿಖರ, ಮುಂದೆ ಬಟಾಬಯಲು. ನಾವು ನೋಡಿದ ಜಾಗಕ್ಕೆ ಬೇಲಿಯಿಲ್ಲ, ಮರವಿಲ್ಲ. ಮೊಣಕಾಲೆತ್ತರದ ಬೂದು ಕುರುಚಲು, ಕೈಯಲ್ಲಿ ಹಿಡಿದರೆ ಉದುರಿಹೋಗುವ ಮಣ್ಣು. ಬಿಸಿಲಿಗೇನೂ ಬರವಿಲ್ಲ. ಸೋಲಾರ್‌ಗೆ ಒಳ್ಳೇ ಊರು.

ಆದರೆ ನೀರು? ಈ ಬಯಲಿರುವ ಸ್ಯಾನ್ ಲೂಯಿಸ್ ಕಣಿವೆಯ ನಡುವೆ ವರ್ಷಕ್ಕೆ ಬೀಳುವ ಮಳೆ ಸುಮಾರು 7 ಇಂಚು. ಬೋರ್‌ವೆಲ್ ಕೊರೆಸಬಹುದು, ಆದರೆ 35 ಎಕರೆಗಿಂತ ಚಿಕ್ಕ ಜಾಗಕ್ಕೆ ಸಾಮಾನ್ಯವಾಗಿ ಸಿಗುವುದು ಮನೆಯೊಳಗಿನ ಬಳಕೆಗಷ್ಟೇ ಪರವಾನಗಿ. ಆ ನೀರನ್ನು ಹೊರಗಿನ ಟೊಮೆಟೊ ಗಿಡಕ್ಕೆ ಹಾಕುವಂತಿಲ್ಲ! ಮಳೆನೀರು ಹಿಡಿಯೋಕೂ ಮಿತಿ ಇದೆ. 2016ರ ಕಾನೂನಿನ ಪ್ರಕಾರ ಎರಡು ಪೀಪಾಯಿ, ಒಟ್ಟು 110 ಗ್ಯಾಲನ್. ಅಂದರೆ ನಾನೂರು ಲೀಟರ್ ಚಿಲ್ಲರೆ. ಪಿಕಪ್ ಮೇಲೆ ಬಿಳಿ ಟ್ಯಾಂಕ್ ಇಟ್ಟುಕೊಂಡು ನೀರು ಹೊರುವವರನ್ನು ಕಂಡಾಗ ನಿಜವಾಗಿಯೂ ಬೇಜಾರಾಯಿತು. ಪೆಟ್ರೋಲ್ ಸಿಗದ ದಿನ ಇವರೇನು ಮಾಡಬೇಕು?

ಹದಿನಾರು ಮೈಲಿ ದಕ್ಷಿಣಕ್ಕೆ ಹೋದರೆ ಸ್ಯಾನ್ ಲೂಯಿಸ್. 1851ರಲ್ಲಿ ಹುಟ್ಟಿದ, ಕೊಲರಾಡೋದ ಅತಿ ಹಳೆಯ ಊರು. ಅಲ್ಲಿ ಕಂಡಿದ್ದೇ ಬೇರೆ. ಜನರೇ ತೋಡಿದ ಮಣ್ಣಿನ ಕಾಲುವೆಗೆ 1852ರ ನೀರಿನ ಹಕ್ಕಿದೆ, ರಾಜ್ಯದಲ್ಲೇ ಮೊದಲನೆಯದು. ಯಾರ ಹೊಲಕ್ಕೆ ಯಾವಾಗ ನೀರು ಅಂತ ತೀರ್ಮಾನಿಸುವವನು ಮಾಯೊರ್ಡೊಮೊ. ನಮ್ಮ ಕೆರೆಗಳ ನೀರಗಂಟಿಯ ಕೆಲಸವೇ ಅದು. ತೂಬಿನ ಹಲಗೆ ಎತ್ತಿದರೆ ಹಿಮ ಕರಗಿದ ನೀರು ಸುಯ್ಯೆಂದು ಹುಲ್ಲುಗಾವಲಿಗೆ ಇಳಿಯುತ್ತದೆ. ಪಕ್ಕದಲ್ಲೇ ವೇಗಾ, ಊರವರೆಲ್ಲರ ಗೋಮಾಳ. ಬೆಟ್ಟದ ಕಟ್ಟಿಗೆ, ಮೇವಿನ ಹಕ್ಕು 1960ರಲ್ಲಿ ಒಬ್ಬ ಹೊರಗಿನವನು ಬೆಟ್ಟ ಕೊಂಡಾಗ ತಪ್ಪಿಹೋಗಿತ್ತು. ಇಲ್ಲಿನ ಕುಟುಂಬಗಳು ಹೋರಾಡಿ 2002ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್‌ನಲ್ಲಿ ಅದನ್ನು ವಾಪಸ್ ಪಡೆದವು. ಸ್ವಾವಲಂಬನೆ ಅಂದರೆ ನನಗೆ ಇದು. ಒಂಟಿ ಮನೆ, ಬಂದೂಕು, ಡಬ್ಬಿ ಅಡುಗೆ ಅಲ್ಲ.

ಕಷ್ಟಗಳೂ ಕಡಿಮೆಯಿಲ್ಲ. ಸುಮಾರು 8,000 ಅಡಿ ಎತ್ತರ, ರಾತ್ರಿ ಇಬ್ಬನಿ ಹೆಪ್ಪುಗಟ್ಟದ ದಿನಗಳು ಮೂರು ತಿಂಗಳ ಆಸುಪಾಸು. ಆಲೂಗಡ್ಡೆ, ಬೀನ್ಸ್ ಸರಿ, ಬೇರೆಯದಕ್ಕೆ ಗಾಜಿನ ಮನೆಯೇ ಬೇಕು. ದೊಡ್ಡ ಆಸ್ಪತ್ರೆಗೆ ಪಕ್ಕದ ಕೌಂಟಿಯ ಅಲಮೋಸಾಗೇ ಓಡಬೇಕು. ಕಟ್ಟಿಗೆ ಸಿಗುತ್ತೆ ಅಂತ ಕಾಡಿನ ಜಾಗ ಕೊಳ್ಳುವವರು 2018ರ ಬೆಂಕಿಯನ್ನು ನೆನೆಯಬೇಕು. ಇದೇ ಕೌಂಟಿಯ ಫೋರ್ಟ್ ಗಾರ್ಲಂಡ್ ಊರಿನ ಹತ್ತಿರ ಹೊತ್ತಿಕೊಂಡು 1,08,000 ಎಕರೆ ಸುಟ್ಟಿತು, ನೂರಕ್ಕೂ ಜಾಸ್ತಿ ಮನೆ ಹೋದವು. ಓಡಿಹೋಗಲು ಎರಡು ದಾರಿ ಇಲ್ಲದ ಜಾಗ ಎಷ್ಟೇ ಚೆಂದವಿರಲಿ, ಬೇಡ.

ಐದು ಎಕರೆಯವರಿಗೆ ಬೇಡ ಅಂತ ಹೇಳಿಬಿಟ್ಟೆವು. ಕಾಲುವೆ ಕೆಳಗಿನ ಹೊಲ ಅರ್ಧ ಎಕರೆಯಾದರೂ ಸಾಕು, ನೀರಿನ ಹಕ್ಕು ಪತ್ರದಲ್ಲೇ ಇರಬೇಕು. ಅಂಥದ್ದು ಸುಮ್ನೆ ಮಾರಾಟಕ್ಕೆ ಬರಲ್ಲ, ಊರಿನವರ ಪರಿಚಯ ಬೇಕು. ವಸಂತದಲ್ಲಿ ಕಾಲುವೆಯ ಹೂಳೆತ್ತುತ್ತಾರೆ. ಆಗ ಗುದ್ದಲಿ ಹಿಡಿಯೋಕೆ ನಾವೂ ಬರಬಹುದಾ ಅಂತ ಕೇಳಿದ್ದೇವೆ.