ಹತ್ತು-ಮೂರು

ಮಗನ ಹುಟ್ಟುಹಬ್ಬಕ್ಕೆ ಟುರಿನ್ ನಗರದ ಫುಟ್‌ಬಾಲ್ ತಂಡ ಯುವೆಂಟಸ್‌ನ ಜೆರ್ಸಿ ಕೊಡಿಸಿದ್ದೇ ತಪ್ಪಾಯಿತು. ಆ ಕಪ್ಪು-ಬಿಳಿ ಪಟ್ಟೆ ಅಂಗಿ ತೊಟ್ಟು ಮೆಟ್ಟಿಲಿಳಿಯುತ್ತಿದ್ದವನನ್ನು ಕೆಳಮನೆಯ ಅಜ್ಜ ತಡೆದರಂತೆ. "ಯಾವೂರಪ್ಪ ನಿಂದು?" "ವೆರ್ಚೆಲ್ಲಿ." "ಮತ್ತೆ ಟುರಿನ್‌ನವರ ಅಂಗಿ ಯಾಕೆ? ನಿಮ್ಮಪ್ಪನ್ನ ಕರಿ."

ಎಂಬತ್ತು ದಾಟಿದ ಅವರನ್ನು ಮಗ ನೊನ್ನೊ ಅನ್ನುತ್ತಾನೆ, ಅಂದರೆ ಅಜ್ಜ ಅಂತಲೇ. ಬೈಸಿಕೊಳ್ಳೋಣ ಅಂತ ಹೋದವನಿಗೆ ಕಾಫಿ ಸಿಕ್ಕಿತು, ಜೊತೆಗೆ ಒಂದು ಗಂಟೆ ಚರಿತ್ರೆ.

ಇಟಲಿಯಲ್ಲಿ ನಾವಿರುವ ವೆರ್ಚೆಲ್ಲಿ ಮಂಡ್ಯ ಪಟ್ಟಣದ ಅರ್ಧವೂ ಇಲ್ಲ. ಸುತ್ತ ಭತ್ತದ ಗದ್ದೆ. ಮಂಡ್ಯ ಕಡೆಯ ನಮಗೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಹೇಗೋ ಇವರಿಗೆ 1866ರಲ್ಲಿ ಮುಗಿದ ಕವೂರ್ ನಾಲೆ ಹಾಗೆ. ವಸಂತದಲ್ಲಿ ಗದ್ದೆಗೆ ನೀರು ಬಿಟ್ಟರೆ ಕಪ್ಪೆಯ ವಟವಟ, ಕೆಸರಿನ ವಾಸನೆ, ಸಂಜೆಯಾದರೆ ಸೊಳ್ಳೆ. ಯುರೋಪಿಗೆ ಹೋಗ್ತೀನಿ ಅಂತ ಊರೆಲ್ಲ ಸಾರಿ ಬಂದವನು ಕೊನೆಗೆ ಗದ್ದೆ ಬಯಲಿಗೇ ಬಂದು ಬಿದ್ದೆ.

ಈ ಊರಿನ ಪ್ರೊ ವೆರ್ಚೆಲ್ಲಿ ತಂಡ ಈಗ ಆಡುವುದು ಮೂರನೇ ದರ್ಜೆಯಲ್ಲಿ. ಇಂಥದ್ದೊಂದು ತಂಡ ಏಳು ಸಲ ಇಟಲಿಯ ಚಾಂಪಿಯನ್ ಆಗಿತ್ತು ಅಂದರೆ ನಂಬಲಿಲ್ಲ ನಾನು. ನೊನ್ನೊ ಬೆರಳು ಮಡಚಿ ಎಣಿಸಿದರು: 1908, 1909, 1911, 1912, 1913, 1921, 1922. ಶುರುವಾದದ್ದು 1892ರ ಒಂದು ವ್ಯಾಯಾಮ ಸಂಘವಾಗಿ. ಫುಟ್‌ಬಾಲ್ ಸೇರಿಕೊಂಡದ್ದು 1903ರಲ್ಲಿ, ಮಾರ್ಚೆಲ್ಲೊ ಬೆರ್ತಿನೆತ್ತಿ ಅನ್ನುವ ಯುವಕನ ಹಟದಿಂದ. ಆತ ಕತ್ತಿವರಸೆಯವನು, ಮುಂದೆ ಒಲಿಂಪಿಕ್ಸ್ ಚಿನ್ನವನ್ನೂ ಗೆದ್ದ. ವ್ಯಾಯಾಮ ಸಂಘ ಅಂದಾಗ ನನ್ನ ಕಣ್ಣಿಗೆ ಬಂದದ್ದು ನಮ್ಮೂರ ಗರಡಿ ಮನೆ. ಅದನ್ನು ಆಮೇಲೆ ಹೇಳುತ್ತೇನೆ.

1913ರ ಮೇ 1ರಂದು ಬೆಲ್ಜಿಯಂ ವಿರುದ್ಧ ಇಟಲಿ ಕಣಕ್ಕಿಳಿಸಿದ ಹನ್ನೊಂದು ಜನರಲ್ಲಿ ಒಂಬತ್ತು ಮಂದಿ ಈ ಒಂದೇ ಕ್ಲಬ್ಬಿನವರು. ಗೆದ್ದದ್ದು 1-0. ನೊನ್ನೊ ಆಗ ಹುಟ್ಟೇ ಇರಲಿಲ್ಲ, ಆದರೂ ಗ್ಯಾಲರಿಯಲ್ಲಿ ಕೂತು ನೋಡಿದವರ ಹಾಗೆ ಹೇಳುತ್ತಾರೆ.

ಆಮೇಲೆ ದುಡ್ಡು ಬಂತು. 1923ರಲ್ಲಿ ಫಿಯೆಟ್ ಕಾರು ಕಂಪನಿಯ ಅನ್ಯೆಲ್ಲಿ ಮನೆತನ ಯುವೆಂಟಸ್‌ ಚುಕ್ಕಾಣಿ ಹಿಡಿಯಿತು. ಅದೇ ವರ್ಷ ವೆರ್ಚೆಲ್ಲಿಯ ರಕ್ಷಣಾ ಆಟಗಾರ ವಿರ್ಜಿನಿಯೊ ರೊಸೆತ್ತಾ ಅಲ್ಲಿಗೆ ಹೋದ. ದೇಶವೇ ಜಗಳಾಡುವಷ್ಟು ದೊಡ್ಡ ಗಲಾಟೆಯಾಯಿತು. (ನಾನು ಕೊಡಿಸಿದ ಅಂಗಿ ಯಾಕೆ ಚುಚ್ಚಿತು ಅಂತ ತಿಳಿದದ್ದು ಆಗಲೇ.) ಮುಂದೆ ಪಕ್ಕದ ರೊಬ್ಬಿಯೊದಲ್ಲಿ ಹುಟ್ಟಿದ ಸಿಲ್ವಿಯೊ ಪಿಯೋಲಾ ಇಲ್ಲೇ ಬೆಳೆದ. ಇಟಲಿಯ ಮೊದಲ ದರ್ಜೆಯಾದ ಸೀರಿ ಎ ಲೀಗ್‌ನಲ್ಲಿ ಅವನ ಒಟ್ಟು 274 ಗೋಲುಗಳನ್ನು ಇಂದಿಗೂ ಯಾರೂ ದಾಟಿಲ್ಲ. 1934ರಲ್ಲಿ ಅವನೂ ರೋಮ್‌ನ ಲಾಟ್ಸಿಯೊ ತಂಡದ ಪಾಲಾದ. ಮರುವರ್ಷವೇ ಕೆಳಗಿಳಿದ ಪ್ರೊ ವೆರ್ಚೆಲ್ಲಿ ಮತ್ತೆ ಸೀರಿ ಎ ಮುಖ ನೋಡಿಲ್ಲ. 2012ರಲ್ಲಿ ಎರಡನೇ ದರ್ಜೆಗೆ ಹತ್ತಿದ್ದೇ 64 ವರ್ಷದ ಮೇಲೆ, ಅದೂ ಉಳಿಯಲಿಲ್ಲ. ಮೈದಾನಕ್ಕೆ ಪಿಯೋಲಾನ ಹೆಸರಿದೆ.

ಮಗ ಆಕಳಿಸುತ್ತಿದ್ದ. ಅವನ ನಿದ್ದೆ ಬಿಡಿಸಿದ್ದು 1910ರ ಕಥೆ. ಆ ವರ್ಷ ವೆರ್ಚೆಲ್ಲಿ, ಮಿಲಾನ್‌ನ ಇಂಟರ್ ಎರಡೂ ಸಮಸಮ ನಿಂತವು. ತೀರ್ಮಾನದ ಪಂದ್ಯ ಏಪ್ರಿಲ್ 24ಕ್ಕೆ ಗೊತ್ತಾಯಿತು. ಅದೇ ದಿನ ಇವರ ಕೆಲವು ಆಟಗಾರರಿಗೆ ಸೈನ್ಯದ ಟೂರ್ನಿ. ದಿನ ಬದಲಿಸಿ ಅಂದರೆ ಯಾರೂ ಕೇಳಲಿಲ್ಲ. ಸಿಟ್ಟಿಗೆದ್ದ ಕ್ಲಬ್ಬು ತನ್ನ ಚಿಕ್ಕ ಹುಡುಗರನ್ನೇ ಮೈದಾನಕ್ಕಿಳಿಸಿತು. ಇಂಟರ್ 10-3ರಲ್ಲಿ ಗೆದ್ದು ಮೊದಲ ಪಟ್ಟ ಪಡೆಯಿತು. ನೊನ್ನೊ ಇದನ್ನು ನಿನ್ನೆ ಮೊನ್ನೆ ಆದ ಅನ್ಯಾಯದಂತೆ, ಮೇಜು ಕುಟ್ಟಿ ಹೇಳಿದರು. ಹತ್ತು! ಮಕ್ಕಳ ಮೇಲೆ ಹತ್ತು!

"ಆ ಮಕ್ಕಳು ಮೂರು ಗೋಲು ಹೊಡೆದ್ರಾ?" ಅಂದ ಮಗ.

ನೊನ್ನೊ ಕೈ ಮೇಜಿನ ಮೇಲೇ ನಿಂತಿತು. ಈ ಕಥೆಯನ್ನು ಎಷ್ಟು ನೂರು ಸಲ ಹೇಳಿದ್ದರೋ. ಮಗನ ಕೆನ್ನೆ ಹಿಂಡಿ, ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮೂರಿನ ತಂಡ ಯಾವುದು?" ಅಂದರು.

ಆರ್‌ಸಿಬಿ ಅಂದೆ.

"ಅದು ನಿನ್ನ ಊರಾ?"

ಅಲ್ಲ. ನಮ್ಮೂರು ಮದ್ದೂರು ಕಡೆಯದು. ಅಲ್ಲಿಂದ ಬೆಂಗಳೂರು ಎಷ್ಟು ದೂರವೋ ವೆರ್ಚೆಲ್ಲಿಯಿಂದ ಟುರಿನ್ ಹೆಚ್ಚುಕಮ್ಮಿ ಅಷ್ಟೇ. ಹದಿನೆಂಟು ವರ್ಷ "ಈ ಸಲ ಕಪ್ ನಮ್ದೇ" ಅಂತ ಕೂಗಿ, 2025ರಲ್ಲಿ ಗೆದ್ದಾಗ ಇಲ್ಲಿ ಕೂತು ಅತ್ತವನು ನಾನು. ಅದಕ್ಕೆ ನಾಚಿಕೆಯೇನಿಲ್ಲ. ಆದರೆ ನಮ್ಮ ಗರಡಿಯಲ್ಲಿ ಕೊನೆಯ ಉಸ್ತಾದ್ ಯಾರಿದ್ದರು ಅಂತ ಕೇಳಿದ್ದರೆ ನನ್ನ ಬಾಯಲ್ಲಿ ಉತ್ತರವಿರಲಿಲ್ಲ. ಮಟ್ಟಿಯ ಕೆಮ್ಮಣ್ಣು, ಎಣ್ಣೆ ವಾಸನೆ, ಗೋಡೆಗೊರಗಿಸಿದ ಗದೆ, ಇಷ್ಟು ಮಾತ್ರ ನೆನಪು. ಯಾರು ಗೆದ್ದರು, ಯಾರು ಸೋತರು, ಒಂದು ಚೀಟಿಯಲ್ಲೂ ಯಾರೂ ಬರೆದಿಡಲಿಲ್ಲ.

ಭಾನುವಾರ ಅಪ್ಪನಿಗೆ ಫೋನ್ ಮಾಡಿದಾಗ ಕೇಳಿದೆ. "ಗರಡಿನಾ? ಈಗ ಅಲ್ಲಿ ಗೊಬ್ಬರದ ಮೂಟೆ ಹಾಕವ್ರೆ ಕಣ್ಲಾ," ಅಂದರು. ಆಮೇಲೆ ತಾವಾಗೇ ಶುರುಮಾಡಿದರು. ತಾತ ಒಂದು ವರ್ಷ ಮೈಸೂರು ದಸರಾ ಕುಸ್ತಿಗೆ ಹೋಗಿದ್ದರಂತೆ. ಎದುರಿಗೆ ಸಿಕ್ಕವನು ಹೆಸರುವಾಸಿ ಪೈಲ್ವಾನ್. ಸೋತು ಬಂದ ತಾತನನ್ನೇ ಊರವರು ಎತ್ತಿನ ಗಾಡಿಯಲ್ಲಿ ಕೂರಿಸಿ ಮೆರೆಸಿದರಂತೆ.

ಪಕ್ಕದಲ್ಲಿ ಕೂತಿದ್ದ ಮಗ ಫೋನ್ ಕಿತ್ತುಕೊಂಡ. "ತಾತಾ, ಮುತ್ತಾತ ಎಷ್ಟು ನಿಮಿಷ ತಡೆದು ನಿಂತಿದ್ರು?"

ಆ ಕಡೆ ಸದ್ದಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

"ತಡಿ ಮಗ," ಅಂದರು ಅಪ್ಪ. "ಮೇಗಲ ಬೀದೀಲಿ ಒಬ್ಬ ಮುದುಕಪ್ಪ ಅವ್ನೆ, ಜೊತೇಲಿ ಹೋಗಿದ್ದೋನು. ಹೋಗಿ ಕೇಳ್ಕಂಡು ಬತ್ತೀನಿ."