ಕುಕ್ಕರ್ ವೆಯ್ಟ್

ಬೆಳಿಗ್ಗೆ ಮಲ್ಲೇಶ್ವರದ ಪಾತ್ರೆ ಅಂಗಡಿಯಲ್ಲಿ ಕುಕ್ಕರ್‌ಗೆ ಹೊಸ ವೆಯ್ಟ್ ತೆಗೆದುಕೊಂಡೆ. ಅಂಗೈಯಲ್ಲಿಟ್ಟರೆ ಇಷ್ಟೇ ಇಷ್ಟು, ಆದರೆ ಒಳ್ಳೇ ಭಾರ. ಒಳಗೆ ಆವಿ ಜಾಸ್ತಿಯಾದಾಗ ಇದನ್ನು ಎತ್ತಿಕೊಂಡೇ ಹೊರಗೆ ನುಗ್ಗಬೇಕು, ಕೂಗು ಬರುವುದು ಆಗಲೇ.

ನಮ್ಮ ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ ಅಲ್ವಾ, ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ, ತೊಗರಿಬೇಳೆ ಬೇಗ ಬೇಯುವುದಿಲ್ಲ. ಕುಕ್ಕರ್ ಒಳಗೆ ಒತ್ತಡ ಏರಿ ಅದೇ ನೀರು 120ರ ಹತ್ತಿರ ಹೋಗುತ್ತದೆ.

1679ರಲ್ಲಿ ಲಂಡನ್ನಿನಲ್ಲಿ ಇಂಥ ಪಾತ್ರೆ ತೋರಿಸಿದವರು ಫ್ರಾನ್ಸಿನ ಡೆನಿಸ್ ಪಪಾನ್. ಗಟ್ಟಿ ಮೂಳೆಯನ್ನೂ ಮೆತ್ತಗೆ ಬೇಯಿಸಿದರು. ಪಾತ್ರೆ ಸಿಡಿಯದಿರಲಿ ಅಂತ ಆವಿ ಬಿಡುವ ಕವಾಟವನ್ನೂ ಅವರೇ ಮಾಡಿದರು. ಪಾಪ, ಕೊನೆಗೆ ಬಡತನದಲ್ಲಿ ತೀರಿಕೊಂಡರು. ಶಾಲೆಯಲ್ಲಿ ಜೇಮ್ಸ್ ವ್ಯಾಟ್ ಬಗ್ಗೆ ಎಷ್ಟೊಂದು ಓದಿದ್ದೇವೆ, ಇವರ ಹೆಸರು ಯಾರೂ ಹೇಳಿಕೊಡಲೇ ಇಲ್ಲ.